ಸೋಮವಾರದ ಗೈರುಹಾಜರಿ

ಮನೆಗೆ ಬಂದ ನೆಂಟರು ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುವ ಪ್ರಶ್ನೆಯೊಂದಿದೆ: 'ನಿಂಗೆ ಅಪ್ಪ ಇಷ್ಟಾನೋ, ಅಮ್ಮ ಇಷ್ಟಾನೋ?' ಮಗು ಅತ್ತ ಒಮ್ಮೆ, ಇತ್ತ ಒಮ್ಮೆ ನೋಡುತ್ತದೆ. ಜಾಣ ಮಗುವಾದರೆ 'ಇಬ್ಬರೂ' ಅನ್ನುತ್ತದೆ. ಇನ್ನೂ ಜಾಣ ಮಗುವಾದರೆ ಬಿಸ್ಕತ್ತಿನ ಪೊಟ್ಟಣ ಯಾರ ಕೈಯಲ್ಲಿದೆ ಎಂದು ನೋಡಿಕೊಂಡು ಉತ್ತರ ಹೇಳುತ್ತದೆ. ಎಲ್ಲರೂ ನಗುತ್ತಾರೆ, ಕಾಫಿ ಬರುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ಈ ಪ್ರಶ್ನೆಯನ್ನು ನಾನು ಒಂದು ಸಲ ತಮಾಷೆಗಲ್ಲದೆ ಕೇಳಿದ್ದೇನೆ. ಕೇಳಿದ್ದು ಹದಿಮೂರು ವರ್ಷದ ನನ್ನ ವಿದ್ಯಾರ್ಥಿನಿಯನ್ನು. ಶಾಲೆಯ ಸ್ಟಾಫ್ ರೂಮಿನಲ್ಲಿ, ನಾಲ್ಕು ಜನ ಸಹೋದ್ಯೋಗಿಗಳು ಟೀ ಕುಡಿಯುತ್ತಿದ್ದಾಗ. ಅವಳು ಕೊಟ್ಟ ಒಂದೇ ಶಬ್ದದ ಉತ್ತರ ಎರಡು ತಿಂಗಳ ನಂತರ ನ್ಯಾಯಾಲಯದಲ್ಲಿ ನನ್ನೆದುರಿಗೇ ಬಂದು ನಿಂತಿತು. ಅವಳ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲಿ ಬೇಡ.

ಇದು 2011ರ ಮಾತು. ಆಗ ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಎಂಟನೇ ತರಗತಿಗೆ ತರಗತಿ ಶಿಕ್ಷಕನೂ ನಾನೇ. ಊರ ಸುತ್ತ ತೆಂಗಿನ ತೋಟ, ಭಾನುವಾರ ಸಂತೆ. ಕಾಯಿ ಕೀಳುವವರು, ಸುಲಿಯುವವರು ವಾರದ ಬಟವಾಡೆಯನ್ನು ಸಂತೆಯ ದಿನವೇ ಪಡೆಯುವ ರೂಢಿ. ಈ ವಿವರ ಏಕೆ ಹೇಳಿದೆನೆಂಬುದು ಮುಂದೆ ತಿಳಿಯುತ್ತದೆ.

ಆ ಹುಡುಗಿ ಸಂಜೆ ಗಂಟೆ ಹೊಡೆದ ಮೇಲೂ ಮನೆಗೆ ಹೋಗುತ್ತಿರಲಿಲ್ಲ. 'ಸಾರ್, ಪ್ರನಾಳ ತೊಳೆದಿಡ್ಲಾ?' ಎಂದು ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ. ಎರಡು ಮರದ ಬೀರು, ಒಂದು ಉದ್ದನೆಯ ಮೇಜು, ಮುಚ್ಚಳ ಕಳೆದುಕೊಂಡ ಸ್ಪಿರಿಟ್ ದೀಪಗಳು. ತೊಳೆದದ್ದನ್ನೇ ಮತ್ತೆ ತೊಳೆಯುವಳು, ಬಾಟಲಿಗಳ ಚೀಟಿಗಳನ್ನು ಮತ್ತೆ ಅಂಟಿಸುವಳು. ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯಲ್ಲಿದ್ದ ಅವಳ ತಮ್ಮ ಮೆಟ್ಟಿಲ ಮೇಲೆ ಚೀಲ ತಬ್ಬಿಕೊಂಡು ಕೂತಿರುತ್ತಿದ್ದ. ಹತ್ತನೇ ತರಗತಿಯ ಹುಡುಗರಿಗೆ ನಾನು ಅವಳನ್ನು ತೋರಿಸಿ, 'ನೋಡಿ, ವಿಜ್ಞಾನದಲ್ಲಿ ಆಸಕ್ತಿ ಅಂದರೆ ಹೀಗಿರಬೇಕು' ಎಂದು ಭಾಷಣ ಮಾಡುತ್ತಿದ್ದೆ. ಅವಳಿಗೆ ಆಸಕ್ತಿ ಇದ್ದದ್ದು ಪ್ರನಾಳದಲ್ಲಲ್ಲ, ಮನೆ ತಲುಪುವುದನ್ನು ಒಂದು ಗಂಟೆ ಮುಂದೂಡುವುದರಲ್ಲಿ ಎಂದು ನನಗೆ ಹೊಳೆಯಲಿಲ್ಲ.

ನವೆಂಬರಿನಲ್ಲಿ ಒಂದು ದಿನ ಅವಳ ತಾಯಿ ಶಾಲೆಗೆ ಬಂದರು. ಎಡಗಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು; ಸೆರಗನ್ನು ಆ ಕಡೆಗೆ ಎಳೆದುಕೊಂಡೇ ಮಾತಾಡಿದರು.

'ಮೇಷ್ಟ್ರೇ, ಮಗೀದು ಟೀಸಿ ಬೇಕಿತ್ತು. ಇಬ್ರುನೂ ಕರ್ಕಂಡು ತವರಿಗೆ ಹೋಯ್ತೀನಿ.'

ನಾನು ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದೆ. ನೋಡಲಿಲ್ಲ ಎಂದು ಹೇಳಲಾರೆ. ನೋಡಿಯೂ ಹೇಳಿದ್ದು ಇದು: 'ಅಮ್ಮಾ, ವರ್ಷದ ನಡುವೆ ಟಿ.ಸಿ. ತೆಗೆಸಿದರೆ ಹುಡುಗಿ ಓದು ಹಾಳಾಗುತ್ತೆ. ಅದೂ ಅಲ್ಲದೆ ಅಪ್ಪನ ಸಹಿ ಬೇಕು. ಮಾರ್ಚ್‌ವರೆಗೆ ಸ್ವಲ್ಪ ಹೊಂದಿಕೊಂಡು ಹೋಗಿ.'

ಆಕೆ ವಾದ ಮಾಡಲಿಲ್ಲ. 'ಆಯ್ತು ಬುಡಿ' ಎಂದು ಹೊರಟರು. ಒಳ್ಳೆಯ ಬುದ್ಧಿ ಹೇಳಿದೆನೆಂದು ನಾನು ಮುಂದಿನ ಪಿರಿಯಡ್ಡಿಗೆ ಹೋದೆ.

ಆ ಎರಡು ವಾಕ್ಯಗಳಲ್ಲಿ ಎಷ್ಟು ತಪ್ಪುಗಳಿದ್ದವೆಂದು ನನಗೆ ತಿಳಿದದ್ದು ಆಮೇಲೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ಎಂಟನೇ ತರಗತಿಯವರೆಗಿನ ಮಗು ಬೇರೆ ಶಾಲೆಗೆ ಹೋಗಬೇಕೆಂದರೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ನೆಪದಲ್ಲಿ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಅಪ್ಪನ ಸಹಿಯ ವಿಚಾರವಂತೂ ಅದಕ್ಕಿಂತ ಹಳೆಯದು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ, ತಾಯಿಯ ಸಹಿ ಸಾಲದು, ತಂದೆಯದು ಬೇಕು ಎಂದಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ 'ತಂದೆ, ಅವನ ನಂತರ ತಾಯಿ' ಎಂದಿದೆಯಲ್ಲ, ಆ 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಲ್ಲ. ತಂದೆ ಯಾವುದೇ ಕಾರಣಕ್ಕೆ ಮಗುವಿನ ಹೊಣೆ ಹೊರದಿರುವಾಗ ಎಂದೂ ಅರ್ಥವಾಗುತ್ತದೆಂದು ಕೋರ್ಟು 1999ರಲ್ಲಿ ತೀರ್ಪು ಕೊಟ್ಟಿತು. ಹನ್ನೆರಡು ವರ್ಷಗಳ ನಂತರವೂ ನಾನು ತುಮಕೂರು ಜಿಲ್ಲೆಯಲ್ಲಿ ಕೂತು 'ಅಪ್ಪನ ಸಹಿ' ಎನ್ನುತ್ತಿದ್ದೆ. ಅರ್ಜಿ ನಮೂನೆಯಲ್ಲಿ ಹಾಗೆ ಅಚ್ಚಾಗಿತ್ತು, ಅಷ್ಟೇ. ನಮ್ಮ ಕಚೇರಿಗಳಲ್ಲಿ ಅಚ್ಚಾದ ನಮೂನೆ ಎಲ್ಲ ಕಾಯ್ದೆಗಿಂತ ದೊಡ್ಡದು.

ಡಿಸೆಂಬರಿನಲ್ಲಿ ತಾಯಿ ಊರು ಬಿಟ್ಟರು. ಚಿಕ್ಕವನನ್ನು ಕರೆದುಕೊಂಡು ಹೋದರು. ಮಗಳನ್ನು ಬಿಟ್ಟು ಹೋದರು. ಏಕೆ ಬಿಟ್ಟರು? ಪರೀಕ್ಷೆ ಮುಗಿಯಲಿ ಎಂದು. ಮೇಷ್ಟ್ರು ಹೇಳಿದ್ದರಲ್ಲ, ಓದು ಹಾಳಾಗುತ್ತದೆಂದು.

ಆಮೇಲೆ ಹುಡುಗಿ ಪ್ರಯೋಗಾಲಯಕ್ಕೆ ಬರುವುದು ನಿಂತಿತು. ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಅವಳ ಸೋದರತ್ತೆ ಬಂದು ಕಾದು ನಿಂತಿರುತ್ತಿದ್ದರು. ಒಂದು ದಿನ ತಂದೆಯೂ ಬಂದು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಅತ್ತರು. 'ಅವಳೇ ಮನೆ ಬಿಟ್ಟು ಹೋದ್ಲು ಸ್ವಾಮಿ. ಮಗಳನ್ನೂ ಕರ್ಕಂಡು ಹೋಗೋಕೆ ಬತ್ತಾಳೆ, ಕೊಡಬ್ಯಾಡಿ' ಎಂದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, 'ಹುಡುಗಿ ಮನಸ್ಸಿನಲ್ಲಿ ಏನಿದೆ ಅಂತ ತಿಳಿದುಕೊಳ್ಳಿ ಮೇಷ್ಟ್ರೇ' ಎಂದರು. ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೇನೆಂಬ ನಂಬಿಕೆಯಿಂದ ನಾನು ಅವಳನ್ನು ಸಂಜೆ ಸ್ಟಾಫ್ ರೂಮಿಗೆ ಕರೆಸಿ ಕೇಳಿದೆ: 'ನಿನಗೆ ಅಪ್ಪನ ಹತ್ತಿರ ಇರಬೇಕೋ, ಅಮ್ಮನ ಹತ್ತಿರವೋ?'

ಅವಳು ಬಾಗಿಲ ಕಡೆ ನೋಡಿದಳು. 'ಅಪ್ಪ' ಎಂದಳು.

ನಾನು ಅದನ್ನೇ ಮುಖ್ಯೋಪಾಧ್ಯಾಯರಿಗೆ ಹೇಳಿದೆ, ಅವರು ತಂದೆಗೆ ಹೇಳಿದರು. ಜನವರಿಯಲ್ಲಿ ತಾಯಿ ಶಾಲೆಯ ಗೇಟಿನ ತನಕ ಬಂದು ಮಗಳನ್ನು ನೋಡಿಕೊಂಡು ಹೋದರೆಂಬ ಸುದ್ದಿ ಹಬ್ಬಿದ ಮರುದಿನದಿಂದ ಹುಡುಗಿ ಶಾಲೆಗೇ ಬರಲಿಲ್ಲ. ಯಾವ ಓದು ಹಾಳಾಗಬಾರದೆಂದು ನಾನು ಟಿ.ಸಿ. ಕೊಡಿಸಲಿಲ್ಲವೋ ಆ ಓದು ನಿಂತೇ ಹೋಯಿತು.

ತಾಯಿಯ ತವರೂರಿನಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆ ಇದ್ದರಂತೆ. ನಾನು ಬಿ.ಎಸ್‌ಸಿ., ಬಿ.ಎಡ್. ಓದಿದವನು, ಆಕೆ ಹತ್ತನೇ ತರಗತಿ ಓದಿದವರು. ಆದರೆ ಆಕೆಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರಿನಿಂದಲೇ ಜಾರಿಯಲ್ಲಿದೆ, ಅದರ ಕೆಳಗೆ ಸಂರಕ್ಷಣಾಧಿಕಾರಿ ಎಂಬವರಿದ್ದಾರೆ, ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಕೆಲಸ ಮಾಡುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂದರೆ ನಾವೆಲ್ಲ ಸಿ.ಡಿ.ಪಿ.ಓ. ಎನ್ನುವವರು. ಅಂಗನವಾಡಿಗೆ ಆಹಾರ ಕಳಿಸುವ ಆಫೀಸು ಎಂದಷ್ಟೇ ನಾನು ತಿಳಿದಿದ್ದೆ. ಅವರು ನಡೆದದ್ದನ್ನೆಲ್ಲ ವರದಿಯಾಗಿ ಬರೆದುಕೊಂಡರು. ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಸಿಕ್ಕರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಈ ನೆರವು ಉಚಿತ; ಆದಾಯ ಎಷ್ಟೆಂದು ಕೇಳುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಬಿತ್ತು. ರಕ್ಷಣೆ ಬೇಕು, ಮಗಳ ತಾತ್ಕಾಲಿಕ ಸುಪರ್ದಿಯೂ ಬೇಕು ಎಂದು.

ಫೆಬ್ರವರಿಯಲ್ಲಿ ಶಾಲೆಗೆ ಸಮನ್ಸ್ ಬಂತು, ಹಾಜರಿ ಪುಸ್ತಕ ತರಬೇಕೆಂದು. ಮುಖ್ಯೋಪಾಧ್ಯಾಯರು ಪುಸ್ತಕವನ್ನೂ ನನ್ನನ್ನೂ ಕಳಿಸಿಕೊಟ್ಟರು. ಅಲ್ಲಿಯವರೆಗೆ ನಾನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಪರೀಕ್ಷೆಗೆ ಬಂದ ಹುಡುಗನ ಹಾಗೆ ಅಂಗೈ ಬೆವರುತ್ತಿತ್ತು.

ತಂದೆಯ ಕಡೆಯ ವಕೀಲರು ಬಹಳ ನಯವಾಗಿ ಕೇಳಿದರು: 'ಮೇಷ್ಟ್ರೇ, ಯಾರ ಹತ್ತಿರ ಇರಬೇಕೆಂದು ನೀವೇ ಹುಡುಗಿಯನ್ನು ಕೇಳಿದ್ದಿರಿ, ಅಲ್ಲವೇ? ಏನೆಂದಳು?'

'ಅಪ್ಪ ಎಂದಳು.'

ನಿಜ ಹೇಳಿದ್ದೆ. ಗೋಡೆಗೆ ಒರಗಿ ನಿಂತಿದ್ದ ತಾಯಿ ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು. ಆಗ ನ್ಯಾಯಾಧೀಶರು ತಾವೇ ಕೇಳಿದರು: 'ಎಲ್ಲಿ ಕೇಳಿದಿರಿ? ಆಗ ಅಲ್ಲಿ ಯಾರ್ಯಾರಿದ್ದರು?' ಸ್ಟಾಫ್ ರೂಮು, ನಾಲ್ಕು ಜನ ಶಿಕ್ಷಕರು ಎಂದೆ. ಅಷ್ಟು ಹೇಳಿ ನಿಲ್ಲಿಸಿದವನಿಗೆ ಇದ್ದಕ್ಕಿದ್ದಂತೆ ಹುಡುಗಿ ಬಾಗಿಲ ಕಡೆ ತಿರುಗಿದ್ದು ನೆನಪಾಯಿತು. 'ಬಾಗಿಲಲ್ಲಿ ಅವಳ ಸೋದರತ್ತೆ ನಿಂತಿದ್ದರು, ಮನೆಗೆ ಕರೆದುಕೊಂಡು ಹೋಗಲು ಬಂದಿದ್ದರು' ಎಂದೆ. ಅವರು ಏನೋ ಬರೆದುಕೊಂಡರು.

ಆಮೇಲೆ ಹಾಜರಿ ಪುಸ್ತಕ. ತಾಯಿಯ ಕಡೆಯ ವಕೀಲೆ ಚಿಕ್ಕ ವಯಸ್ಸಿನವರು. ಜೂನ್‌ನಿಂದ ನವೆಂಬರ್‌ವರೆಗೆ ಹುಡುಗಿಯ ಗೈರುಹಾಜರಿಯ ತಾರೀಖುಗಳನ್ನು ಓದಿ ಎಂದರು. ಹನ್ನೊಂದು ದಿನ. ಓದಿದೆ. 'ಇವು ಯಾವ ವಾರಗಳು ಎಂದು ಹೇಳುತ್ತೀರಾ?' ಎಂದು ಕ್ಯಾಲೆಂಡರ್ ಕೊಟ್ಟರು. ಬೆರಳಿಟ್ಟುಕೊಂಡು ನೋಡುತ್ತಾ ಹೋದೆ. ಒಂಬತ್ತು ಸೋಮವಾರಗಳು.

ಭಾನುವಾರ ಸಂತೆ, ಬಟವಾಡೆ, ಕುಡಿತ, ರಾತ್ರಿ ಹೊಡೆತ. ಸೋಮವಾರ ತಾಯಿ ಏಳಲಾರದೆ ಮಲಗಿದರೆ ಅಡುಗೆ ಮಾಡಿ ತಮ್ಮನನ್ನು ಶಾಲೆಗೆ ಕಳಿಸುವವಳು ಮಗಳು. ಆರು ತಿಂಗಳು ಈ ಪುಸ್ತಕ ನನ್ನ ಮೇಜಿನ ಮೇಲಿತ್ತು. ಅದರಲ್ಲಿದ್ದ ಪ್ರತಿಯೊಂದು ಗುರುತನ್ನೂ ಹಾಕಿದವನು ನಾನೇ. ಆದರೆ ನಾವು ಹಾಜರಿಯನ್ನು ಅಡ್ಡ ಸಾಲಿನಲ್ಲಿ ಕೂಡಿಸುತ್ತೇವೆ. ತಿಂಗಳಿಗೆ ಎಷ್ಟು ದಿನ, ಶೇಕಡಾ ಎಷ್ಟು ಎಂದು. ಅವಳದು ಯಾವಾಗಲೂ ಸಾಕಷ್ಟು ಇರುತ್ತಿತ್ತು. ಮಕ್ಕಳಿಗೆ ಪ್ರಯೋಗದ ದಾಖಲೆ ಪುಸ್ತಕದಲ್ಲಿ 'ವೀಕ್ಷಣೆ' ಎಂದು ಒಂದು ತಲೆಬರಹ, ಅದರ ಕೆಳಗೆ 'ತೀರ್ಮಾನ' ಎಂದು ಇನ್ನೊಂದು ತಲೆಬರಹ ಬರೆಸುವ ಮೇಷ್ಟ್ರು ನಾನು.

ತಂದೆ ಕೈಮುಗಿದು ಹೇಳಿದ ಮಾತು ಒಂದಿದೆ: 'ನಾನು ಮಕ್ಕಳ ಮ್ಯಾಲೆ ಒಂದಿನಾನೂ ಕೈ ಎತ್ತಿಲ್ಲ ಸ್ವಾಮಿ.' ಅದು ಸುಳ್ಳಲ್ಲ. ಹುಡುಗಿಗೆ ಕಂಪಾಸ್ ಬಾಕ್ಸು ಬೇಕೆಂದಾಗ ಸಂತೆಯಿಂದ ಒಳ್ಳೆಯದನ್ನೇ ತಂದುಕೊಟ್ಟಿದ್ದರು, ನಾನೇ ನೋಡಿದ್ದೆ. ಹೆಂಡತಿಯನ್ನು ಹೊಡೆದರೂ ಮಕ್ಕಳಿಗೆ ಒಳ್ಳೆಯ ಅಪ್ಪನಾಗಿರಬಹುದು ಎಂದೇ ನಾನೂ ನಂಬಿದ್ದೆ. ಈ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ. ಹತ್ತನೇ ತರಗತಿಗೆ ನಿರ್ನಾಳ ಗ್ರಂಥಿಗಳ ಪಾಠ ಮಾಡುವಾಗ ಅಡ್ರಿನಲಿನ್ ಬಗ್ಗೆ ಹೇಳುತ್ತೇವೆ: ಹೆದರಿಕೆಯಾದಾಗ ಎದೆಬಡಿತ ಏರುತ್ತದೆ, ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ, ಓಡಲು ಅಥವಾ ಎದುರಿಸಲು ದೇಹ ಸಜ್ಜಾಗುತ್ತದೆ. ಅದು ಕೆಲವು ನಿಮಿಷಗಳ ಏರ್ಪಾಡು. ಪಕ್ಕದ ಕೋಣೆಯಲ್ಲಿ ತಾಯಿಗೆ ಬೀಳುವ ಏಟಿನ ಸದ್ದು ಕೇಳುತ್ತಾ ಮಲಗಿದ ಮಗುವಿಗೆ ಓಡಲು ಜಾಗವಿಲ್ಲ, ಎದುರಿಸಲು ಶಕ್ತಿಯಿಲ್ಲ. ವಾರ ವಾರ ಹೀಗಾದರೆ ನಿದ್ದೆ ಕೆಡುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಮೈಮೇಲೆ ಬಾಸುಂಡೆ ಇಲ್ಲದಿದ್ದರೆ ಏಟು ಬಿದ್ದಿಲ್ಲ ಎನ್ನುವ ಹಾಗಿಲ್ಲ.

ನ್ಯಾಯಾಧೀಶರು ಹುಡುಗಿಯನ್ನು ತಮ್ಮ ಕೊಠಡಿಗೆ ಕರೆಸಿಕೊಂಡರು. ಅಪ್ಪ, ಅಮ್ಮ, ವಕೀಲರು ಯಾರೂ ಒಳಗೆ ಹೋಗಲಿಲ್ಲ. ಅರ್ಧ ಗಂಟೆಯಾಯಿತು. ಒಳಗೆ ಏನು ಕೇಳಿದರೆಂದು ಅವಳೇ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. 'ಅಪ್ಪ ಬೇಕಾ ಅಮ್ಮ ಬೇಕಾ ಅಂತ ಕೇಳ್ಲೇ ಇಲ್ಲ ಸಾರ್. ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ, ತಿಂಡಿ ಯಾರು ಮಾಡ್ತಾರೆ, ಎಲ್ಲಿ ಕೂತು ಓದ್ತೀಯ, ರಾತ್ರಿ ಎಚ್ಚರ ಆದ್ರೆ ಯಾರನ್ನ ಕರೀತೀಯ ಅಂತ ಕೇಳಿದ್ರು.'

1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ, ಅಂದರೆ ಬ್ರಿಟಿಷರ ಕಾಲದ ಕಾಯ್ದೆಯಲ್ಲೇ, ತಿಳಿವಳಿಕೆಯಿಂದ ಆರಿಸಬಲ್ಲಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎಂದಿದೆ. ಪರಿಗಣಿಸಬಹುದು ಎಂದಿದೆಯೇ ಹೊರತು, ತೀರ್ಪು ಕೊಡುವ ಭಾರವನ್ನು ಮಗುವಿನ ತಲೆಗೆ ಕಟ್ಟಿಲ್ಲ. 1956ರ ಕಾಯ್ದೆಯ 13ನೇ ಕಲಮು ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಅದೇ ಕಾಯ್ದೆಯಲ್ಲಿದೆ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯದಲ್ಲಿ ಮೊದಲೇ ಬರೆದಿಟ್ಟ ಉತ್ತರವಿಲ್ಲ. ತಂದೆಯ ಹತ್ತಿರವೇ ಮಗು ಚೆನ್ನಾಗಿರುತ್ತದೆ ಎಂದಾದರೆ ಕೋರ್ಟು ತಂದೆಗೇ ಒಪ್ಪಿಸುತ್ತದೆ, ಒಪ್ಪಿಸಿದ್ದೂ ಇದೆ. ಸುಪರ್ದಿ ಎಂಬುದು ಗೆದ್ದವರಿಗೆ ಕೊಡುವ ಬಹುಮಾನವಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು 'ಕೋರ್ಟಲ್ಲಿ ಹೀಗೆ ಹೇಳು' ಎಂದು ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ, ಅಜ್ಜ ಅಜ್ಜಿಯರಿಗೂ ಇದು ತಿಳಿದಿರಲಿ ಎಂದು ಬರೆದೆ.

ಆದೇಶ ಬಂದದ್ದು ಮಾರ್ಚ್ ಮೊದಲ ವಾರದಲ್ಲಿ. 2005ರ ಕಾಯ್ದೆಯ 21ನೇ ಕಲಮಿನ ಕೆಳಗೆ ಹುಡುಗಿಯ ತಾತ್ಕಾಲಿಕ ಸುಪರ್ದಿ ತಾಯಿಗೆ. ತಂದೆ ತಿಂಗಳಿಗೆ ಎರಡು ಭಾನುವಾರ ಹಗಲು ಹೊತ್ತಿನಲ್ಲಿ ಮಕ್ಕಳನ್ನು ನೋಡಬಹುದು, ಕುಡಿದು ಬರುವಂತಿಲ್ಲ. ಭೇಟಿಯಿಂದ ಮಗುವಿಗೆ ಕೆಡುಕಾಗುತ್ತದೆಂದು ಕಂಡರೆ ಅದನ್ನೂ ನಿರಾಕರಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ಇಲ್ಲಿ ನಿರಾಕರಿಸಲಿಲ್ಲ. ಶಾಶ್ವತ ಸುಪರ್ದಿ ಬೇಕಾದರೆ ಕುಟುಂಬ ನ್ಯಾಯಾಲಯಕ್ಕೋ, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೋ ಹೋಗಬೇಕು. ಅದು ಬೇರೆ ದಾರಿ, ಇನ್ನಷ್ಟು ಉದ್ದ.

ಆ ಬೇಸಿಗೆ ರಜದಲ್ಲಿ ನಾನು ಆ ಕಾಯ್ದೆಯ ಪುಸ್ತಕ ಕೊಂಡು ತಂದು ಓದಿದೆ. ತೆಳ್ಳನೆಯದು, ನಮ್ಮ ಪಠ್ಯಪುಸ್ತಕದ ಕಾಲು ಭಾಗವೂ ಇಲ್ಲ. ನಾಲ್ಕನೇ ಕಲಮಿಗೆ ಬಂದಾಗ ನಿಂತುಬಿಟ್ಟೆ. ಕೌಟುಂಬಿಕ ದೌರ್ಜನ್ಯ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು; ಸದ್ಭಾವನೆಯಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ. ಯಾರು ಬೇಕಾದರೂ ಎಂದರೆ ಮೇಷ್ಟ್ರೂ ಸೇರಿದರು. 'ಗಂಡ ಹೆಂಡಿರ ಜಗಳ, ನಮಗೇಕೆ ಇಲ್ಲದ ಉಸಾಬರಿ' ಎಂಬ ಸ್ಟಾಫ್ ರೂಮಿನ ಮಾತಿಗೆ ಕಾಯ್ದೆ ಆರು ವರ್ಷ ಮುಂಚೆಯೇ ಉತ್ತರ ಬರೆದಿಟ್ಟಿತ್ತು. ಬಾಧಿತಳು ಮಗುವಾಗಿದ್ದರೆ ಎದುರುದಾರ ಅವಳ ಶಾಲೆಗೆ ಕಾಲಿಡದಂತೆ ತಡೆಯಬಹುದೆಂದು 18ನೇ ಕಲಮಿನಲ್ಲಿದೆ. ಶಾಲೆಯ ಹೆಸರು ಕಾಯ್ದೆಯಲ್ಲೇ ಇದ್ದ ಮೇಲೆ ನಾವು ಹೊರಗಿನವರಾಗುವುದು ಹೇಗೆ?

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ಸಂಗತಿಯಾದರೆ ಕಾನೂನು ಇನ್ನೂ ಕಟುವಾಗಿದೆ. 2012ರ ಪೋಕ್ಸೋ ಕಾಯ್ದೆಯಲ್ಲಿ 'ತಿಳಿಸಬಹುದು' ಎಂಬ ಮಾತೇ ಇಲ್ಲ, ತಿಳಿಸಲೇಬೇಕು. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಈ ಪುಟ ಓದುವ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಮನೆಯ ಮಾತನ್ನು ಯಾರಿಗೆ ಹೇಳುವುದೆಂದು ತೋಚದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇದೆ, ಕರೆಗೆ ದುಡ್ಡಿಲ್ಲ. ನಂಬಿಕೆಯ ಮೇಷ್ಟ್ರು ಇದ್ದರೆ ಅವರಿಗೆ ಹೇಳಿ. ಒಬ್ಬರು ನನ್ನ ಹಾಗೆ 'ಹೊಂದಿಕೊಂಡು ಹೋಗು' ಎಂದರೆ ಇನ್ನೊಬ್ಬರಿಗೆ ಹೇಳಿ.

ಏಪ್ರಿಲ್‌ನಲ್ಲಿ ತಾಯಿ ಮಗಳು ಟಿ.ಸಿ.ಗೆ ಬಂದರು. ಹಾಜರಿ ಕಡಿಮೆಯಾಗಿದ್ದರೂ ಎಂಟನೇ ತರಗತಿಯವರೆಗೆ ಯಾರನ್ನೂ ಅದೇ ತರಗತಿಯಲ್ಲಿ ನಿಲ್ಲಿಸುವಂತಿರಲಿಲ್ಲ, ಆಗಿನ ಕಾಯ್ದೆ ಹಾಗಿತ್ತು. ಗುಮಾಸ್ತರು ಅರ್ಜಿ ನಮೂನೆಯಲ್ಲಿ 'ತಂದೆ' ಎಂದು ಅಚ್ಚಾಗಿದ್ದುದನ್ನು ಹೊಡೆದುಹಾಕಿ ಮೇಲೆ 'ತಾಯಿ' ಎಂದು ಬರೆದು ಪೆನ್ನು ಕೊಟ್ಟರು. ಆಕೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ನಾನು ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಮುಖ್ಯೋಪಾಧ್ಯಾಯರು, ಗುಮಾಸ್ತರು, ಜವಾನ ಎಲ್ಲ ಇದ್ದರು, ಬಾಯಿ ಬರಲಿಲ್ಲ. ಹುಡುಗಿ ಹೋಗುವಾಗ ಪ್ರಯೋಗಾಲಯದ ಬೀರುವಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿದಳು. ನನ್ನ ಹತ್ತಿರವೇ ಎಂದೆ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿದಳೆಂದು ಎರಡು ವರ್ಷದ ಮೇಲೆ ಯಾರೋ ಹೇಳಿದರು. ಮುಂದಿನದು ತಿಳಿಯದು.

ಅಲ್ಲಿಂದ ಈಚೆಗೆ ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕವನ್ನು ನಾನು ಅಡ್ಡಕ್ಕೂ ನೋಡುತ್ತೇನೆ, ಉದ್ದಕ್ಕೂ ನೋಡುತ್ತೇನೆ. ಕಳೆದ ವರ್ಷ ಒಂಬತ್ತನೇ ತರಗತಿಯ ಹುಡುಗನೊಬ್ಬ ಸಾಲಾಗಿ ಐದು ಸೋಮವಾರ ಬಂದಿರಲಿಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅವನೊಬ್ಬನನ್ನೇ ಮರದ ಕೆಳಗೆ ಕರೆದುಕೊಂಡು ಹೋಗಿ, ಅಪ್ಪ ಅಮ್ಮನ ಹೆಸರೆತ್ತದೆ, ಸೋಮವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ, ಏನು ಮಾಡುತ್ತೀಯ ಎಂದು ಕೇಳಿದೆ.

'ಅಜ್ಜಿಗೆ ಡಯಾಲಿಸಿಸ್ ಸಾರ್. ತಾಲ್ಲೂಕು ಆಸ್ಪತ್ರೇಲಿ. ಸೋಮವಾರ ನಾನು ಕರ್ಕೊಂಡು ಹೋಗ್ತೀನಿ, ಗುರುವಾರ ನಮ್ಮಣ್ಣ.'

ಸೋಮವಾರದ ಬೀಜಗಣಿತ ತಪ್ಪಿಹೋಗಿದೆ, ಯಾರಾದರೂ ಹೇಳಿಕೊಟ್ಟರೆ ಒಳ್ಳೆಯದಿತ್ತು ಎಂದ. ಗಣಿತದ ಮೇಷ್ಟ್ರಿಗೆ ಹೇಳಿ ಮಂಗಳವಾರ ಸಂಜೆ ಅರ್ಧ ಗಂಟೆ ಗೊತ್ತು ಮಾಡಿದೆ.